ಗಿನಿ ಪಿಗ್‌ನ ಕಾಲು ಸೋತರೆ ಮೊದಲು ಮೇವಿನ ಡಬ್ಬ ನೋಡಿ

ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಮೊಲ ಸಾಕುವ ಕೆಲವು ಮನೆಗಳಿಗೆ ಈಗ ಗಿನಿ ಪಿಗ್ ಎಂಬ, ಇಲಿ ಜಾತಿಯ ಪುಟ್ಟ ಸಾಕುಪ್ರಾಣಿ ಕೂಡ ಬಂದಿದೆ. ಮಕ್ಕಳಿಗೆ ಇಷ್ಟ, ಕಚ್ಚುವುದು ಕಡಿಮೆ, ಜಾಗವೂ ಜಾಸ್ತಿ ಬೇಡ. "ಮೊಲಕ್ಕೆ ಹಾಕಿದ್ದನ್ನೇ ಇದಕ್ಕೂ ಹಾಕಿ, ಸಾಕು" ಎಂದು ಮಾರುವವರು ಹೇಳಿಬಿಡುತ್ತಾರೆ. ತೊಂದರೆಯ ಬೀಜ ಬೀಳುವುದು ಆ ಮಾತಿನಲ್ಲೇ. ಮೊದಲು ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಒಂದು ದಿನ ಪ್ರಾಣಿ ಗೂಡಿನ ಮೂಲೆ ಬಿಟ್ಟು ಏಳುವುದಿಲ್ಲ. ಎತ್ತಿದರೆ ನೋವಿನಿಂದ ಕಿರುಚುತ್ತದೆ. ನೆಲಕ್ಕೆ ಬಿಟ್ಟರೆ ಹಿಂಗಾಲು ಮಡಚುವುದಿಲ್ಲ, ಇಲ್ಲವೇ ಎಳೆದುಕೊಂಡು ಬರುತ್ತದೆ.

ಕೈಕಾಲು ಸೋಲುವುದೆಂದರೆ ಕಾಸರಗೋಡಿನವರಿಗೆ ಮೊದಲು ನೆನಪಾಗುವುದು ವಿಷ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳನ್ನು ಕಂಡ ಊರು ಇದು. ಸೊಪ್ಪಿನಲ್ಲಿ ಮದ್ದಿನ ಅಂಶ ಇತ್ತೇನೋ ಎಂಬ ಅನುಮಾನ ಸಹಜವೇ. ಅದನ್ನು ತಳ್ಳಿಹಾಕಬೇಕಿಲ್ಲ. ಆದರೆ ಗಿನಿ ಪಿಗ್ ವಿಷಯದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಅದು ತಿನ್ನುತ್ತಿರುವ ಮೇವು ಎಷ್ಟು ಹಳೆಯದು?

ಹೊಟ್ಟೆ ತುಂಬಿದ್ದರೂ ಬರುವ ರೋಗ

ಸ್ನಾಯು ಅಂದರೆ ಮಾಂಸಖಂಡ. ಸಾವಿರಾರು ಸಣ್ಣ ಎಳೆಗಳು ಸೇರಿ ಒಂದು ಸ್ನಾಯು ಆಗುತ್ತದೆ. ಆಹಾರದಲ್ಲಿ ಬೇಕಾದ ಕೆಲವು ಅಂಶಗಳು ಸಿಗದೆ ಈ ಎಳೆಗಳು ಸಾಯತೊಡಗಿದರೆ ಅದೇ ಸ್ನಾಯುಕ್ಷಯ. ಪಶುವೈದ್ಯರು ಇದನ್ನು ನ್ಯೂಟ್ರಿಷನಲ್ ಮಸ್ಕ್ಯುಲರ್ ಡಿಸ್ಟ್ರೊಫಿ ಎನ್ನುತ್ತಾರೆ. ಹೆಸರು ಕೇಳಿ ಗಾಬರಿ ಬೇಡ. ಮನುಷ್ಯರ ಮಕ್ಕಳಲ್ಲಿ ಕಾಣುವ ಮಸ್ಕ್ಯುಲರ್ ಡಿಸ್ಟ್ರೊಫಿ ಹುಟ್ಟಿನಿಂದ, ವಂಶವಾಹಿಯ ದೋಷದಿಂದ ಬರುವಂಥದ್ದು. ಇದು ಹಾಗಲ್ಲ. ಇದು ಮೇವಿನಿಂದ ಬರುತ್ತದೆ, ಬೇಗ ಗೊತ್ತಾದರೆ ಮೇವಿನಿಂದಲೇ ಹೋಗುತ್ತದೆ.

ದನ, ಕುರಿ ಸಾಕುವವರಿಗೆ ಇದರ ನೆಂಟ ರೋಗ ಗೊತ್ತಿರಬಹುದು. ಕರುಗಳಲ್ಲಿ, ಕುರಿಮರಿಗಳಲ್ಲಿ ಬರುವ ಬಿಳಿ ಸ್ನಾಯು ರೋಗ. ಸತ್ತ ಮೇಲೆ ಕೊಯ್ದು ನೋಡಿದರೆ ಕೆಂಪಗಿರಬೇಕಾದ ಮಾಂಸದಲ್ಲಿ ಬಿಳಿ ಗೆರೆಗಳು ಕಾಣುತ್ತವೆ. ಕೆಲವು ಕರುಗಳಲ್ಲಿ ಹೃದಯದ ಸ್ನಾಯುವೇ ಕೆಟ್ಟು, ನಿಂತಲ್ಲೇ ಬಿದ್ದು ಸಾಯುವುದೂ ಉಂಟು.

ಗಿನಿ ಪಿಗ್‌ನಲ್ಲಿ ಮುಖ್ಯವಾಗಿ ಕೊರತೆಯಾಗುವುದು ವಿಟಮಿನ್ ಇ. ಅದರ ಜೊತೆ ವಿಟಮಿನ್ ಸಿ ಮತ್ತು ಸೆಲೆನಿಯಂ ಎಂಬ ಖನಿಜ. ಸೆಲೆನಿಯಂ ಬೇಕಾಗುವುದು ಕಣದಷ್ಟು ಮಾತ್ರ. ಆದರೂ ಅದಿಲ್ಲದಿದ್ದರೆ ಆಗುವುದಿಲ್ಲ. ಈ ಮೂರೂ ಬೇರೆ ಬೇರೆ ಕೆಲಸ ಮಾಡುವುದಲ್ಲ. ಒಂದೇ ಕೆಲಸವನ್ನು ಹಂಚಿಕೊಂಡು ಮಾಡುತ್ತವೆ. ಅದು ಅರ್ಥವಾದರೆ ರೋಗದ ಮುಕ್ಕಾಲು ಭಾಗ ಅರ್ಥವಾದ ಹಾಗೆ.

ಸ್ನಾಯುವಿನ ಒಳಗೆ ಆಗುವುದೇನು?

ಪ್ರತಿ ಸ್ನಾಯುವಿನ ಎಳೆಗೂ ಸುತ್ತ ಒಂದು ತೆಳು ಪೊರೆ ಇದೆ. ಆ ಪೊರೆ ಹೆಚ್ಚಾಗಿ ಕೊಬ್ಬಿನಿಂದ ಆದದ್ದು. ಓಡುವ, ಜಿಗಿಯುವ, ಸುಮ್ನೆ ನಿಲ್ಲುವ ಕೆಲಸಕ್ಕೂ ಸ್ನಾಯುವಿಗೆ ಆಮ್ಲಜನಕ ಬೇಕು. ಬಳಸಿದ ಆಮ್ಲಜನಕದಲ್ಲಿ ಚೂರುಪಾರು ಅಂಶ ಹಾನಿಕರ ರೂಪ ತಾಳಿ, ಪೊರೆಯ ಕೊಬ್ಬಿನ ಕಣಕ್ಕೆ ತಗುಲುತ್ತದೆ. ಕೆಟ್ಟ ಕಣ ಪಕ್ಕದ್ದನ್ನು ಕೆಡಿಸುತ್ತದೆ, ಅದು ಅದರ ಪಕ್ಕದ್ದನ್ನು.

ಬೇಸಿಗೆಯಲ್ಲಿ ತೋಟದಲ್ಲಿ ಒಣ ಮಡಲಿನ ರಾಶಿ ಇದೆ ಎಂದುಕೊಳ್ಳಿ. ಒಂದು ಮಡಲಿಗೆ ಕಿಡಿ ಬಿದ್ದರೆ ಬೆಂಕಿ ಸಾಲಾಗಿ ಓಡುತ್ತದೆ. ಮಧ್ಯೆ ಮಧ್ಯೆ ಹಸಿ ಬಾಳೆದಂಡು ಅಡ್ಡ ಇಟ್ಟಿದ್ದರೆ ಬೆಂಕಿ ಅಲ್ಲಿಗೆ ಬಂದು ನಿಲ್ಲುತ್ತದೆ. ಪೊರೆಯೊಳಗೆ ಆ ಬಾಳೆದಂಡಿನ ಕೆಲಸ ವಿಟಮಿನ್ ಇ ಮಾಡುತ್ತದೆ. ಅದು ಕೊಬ್ಬಿನಲ್ಲಿ ಕರಗುವ ವಿಟಮಿನ್ ಆದ್ದರಿಂದ ಪೊರೆಯ ಒಳಗೇ ಕೂರಬಲ್ಲದು. ಆದರೆ ಬಾಳೆದಂಡು ಬೆಂಕಿ ತಡೆದು ತಡೆದು ಒಣಗುತ್ತದೆ ಅಲ್ವಾ? ಅದಕ್ಕೆ ಮತ್ತೆ ನೀರು ಹನಿಸುವುದು ವಿಟಮಿನ್ ಸಿ. ಅದು ನೀರಿನಲ್ಲಿ ಕರಗುವ ವಿಟಮಿನ್. ಪೊರೆಯ ಹೊರಗೆ ನಿಂತು, ದಣಿದ ವಿಟಮಿನ್ ಇ ಅನ್ನು ಪುನಃ ಕೆಲಸಕ್ಕೆ ಸಜ್ಜು ಮಾಡುತ್ತದೆ. ಉಳಿದ ಕೆಂಡಗಳನ್ನು ಆರಿಸುವುದು ಸೆಲೆನಿಯಂ ಇರುವ ಒಂದು ಕಿಣ್ವ. ಕಿಣ್ವ ಅಂದರೆ ದೇಹದೊಳಗಿನ ರಾಸಾಯನಿಕ ಕೆಲಸಗಳನ್ನು ವೇಗವಾಗಿ ನಡೆಸುವ ಪ್ರೋಟೀನು.

ಮೂರರಲ್ಲಿ ಒಂದು ಸ್ವಲ್ಪ ಕಡಿಮೆಯಾದರೆ ಉಳಿದೆರಡು ಒಂದಷ್ಟು ಕಾಲ ಸುಧಾರಿಸುತ್ತವೆ. ಎರಡು ಒಟ್ಟಿಗೆ ಕೈಕೊಟ್ಟರೆ ಪೊರೆ ತೂತಾಗುತ್ತದೆ. ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಸ್ನಾಯು ಬಿಗಿಯಲು ಕ್ಯಾಲ್ಸಿಯಮ್ಮೇ ಸಂಕೇತ. ಹಾಗಾಗಿ ಎಳೆ ಮಿತಿಮೀರಿ ಬಿಗಿದು, ಹರಿದು, ಸಾಯುತ್ತದೆ. ಕಾಲು ಮೊದಲು ಬಿಗಿಯುವುದು, ಆಮೇಲೆ ಬಲ ಕಳೆದುಕೊಳ್ಳುವುದು ಇದೇ ಕಾರಣಕ್ಕೆ.

ಗಿನಿ ಪಿಗ್‌ಗೇ ಯಾಕೆ ಇಷ್ಟು ಕಷ್ಟ?

ದನ, ಆಡು, ನಾಯಿ, ಮೊಲ, ಇಲಿ, ಇವೆಲ್ಲ ವಿಟಮಿನ್ ಸಿಯನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ನಮ್ಮಿಂದ ಆಗುವುದಿಲ್ಲ. ಮಂಗಗಳಿಂದಲೂ ಆಗುವುದಿಲ್ಲ. ಆ ಪಟ್ಟಿಗೆ ಸೇರಿದ ಇನ್ನೊಂದು ಪ್ರಾಣಿ ಗಿನಿ ಪಿಗ್. ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಕಿಣ್ವ ಅದರಲ್ಲಿ ಇಲ್ಲ. ಅದರ ಮೂಲ ಊರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಡೆ. ಪೆರು, ಬೊಲಿವಿಯಾದ ಜನ ಅದನ್ನು ಸಾವಿರಾರು ವರ್ಷಗಳಿಂದ ಮಾಂಸಕ್ಕಾಗಿ ಸಾಕಿದ್ದಾರೆ. ಅಲ್ಲಿ ದಿನವಿಡೀ ಹಸಿ ಹುಲ್ಲು ತಿನ್ನುವ ಪ್ರಾಣಿಗೆ ಆ ಕಿಣ್ವ ಇಲ್ಲದ್ದು ಕೊರತೆಯೇ ಅಲ್ಲ. ಒಣ ಮೇವು ಮಾತ್ರ ಸಿಗುವ ಗೂಡಿಗೆ ಬಂದಾಗ ಕೊರತೆ.

ಮೊಲದ ಮೇವು ಇದಕ್ಕೆ ಸಾಲದು ಎನ್ನುವುದು ಇದಕ್ಕೇ. ಮೊಲದ ಪೆಲೆಟ್ (ಗುಳಿಗೆಯಂಥ ಒಣ ಮೇವು) ತಯಾರಿಸುವವರು ಅದರಲ್ಲಿ ವಿಟಮಿನ್ ಸಿ ಹಾಕುವ ಅಗತ್ಯ ಇಲ್ಲ. ಹಾಕುವುದೂ ಇಲ್ಲ. ಸಿ ಸಿಗದೆ ಹೋದಾಗ ಗಿನಿ ಪಿಗ್‌ಗೆ ಮೊದಲು ಬರುವುದು ಸ್ಕರ್ವಿ: ವಸಡಿನಲ್ಲಿ ರಕ್ತ, ಊದಿದ ಕೀಲು, ಮೈನೋವು. ಅದರ ಬೆನ್ನಿಗೇ ವಿಟಮಿನ್ ಇ ಕೂಡ ದಣಿಯುತ್ತದೆ.

ಇನ್ನೂ ಒಂದು. ಗಿನಿ ಪಿಗ್ ಮರಿ ಮೈಮೇಲೆ ಕೂದಲು, ತೆರೆದ ಕಣ್ಣು ಸಮೇತ ಹುಟ್ಟುತ್ತದೆ, ಹುಟ್ಟಿದ ದಿನವೇ ಓಡಾಡುತ್ತದೆ. ತಾಯಿ 59ರಿಂದ 72 ದಿನ ಹೊತ್ತು, ಅಷ್ಟು ದೊಡ್ಡ ಮರಿಗಳನ್ನು ಹೊಟ್ಟೆಯಲ್ಲೇ ಬೆಳೆಸಬೇಕು. ಆಗ ಅದರ ಬೇಡಿಕೆ ಏರುತ್ತದೆ. ಬೆಳೆಯುವ ಮರಿಗೂ ಅಷ್ಟೇ. ಒಂದೇ ಗೂಡಿನಲ್ಲಿ ಗಂಡು ಚೆನ್ನಾಗಿದ್ದು, ಗಬ್ಬದ ಹೆಣ್ಣು ಮಲಗಿಬಿಟ್ಟರೆ ಆಶ್ಚರ್ಯಪಡಬೇಕಿಲ್ಲ.

ಇದು ಗೊತ್ತಾದದ್ದು ಹೇಗೆ?

1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಬೆರಿಬೆರಿ ರೋಗವನ್ನು (ಅದು ಬಿ1 ಎಂಬ ಬೇರೆ ವಿಟಮಿನ್‌ನ ಕೊರತೆ) ಅಧ್ಯಯನ ಮಾಡಲು ಹೊರಟಿದ್ದರು. ಗಿನಿ ಪಿಗ್‌ಗಳಿಗೆ ಬರೀ ಧಾನ್ಯ, ಬ್ರೆಡ್ ಹಾಕಿದರು. ಬಂದದ್ದು ಬೆರಿಬೆರಿ ಅಲ್ಲ, ಸ್ಕರ್ವಿ. ಬೇರೆ ಪ್ರಾಣಿ ಆರಿಸಿದ್ದರೆ ವಿಟಮಿನ್ ಸಿಯ ಕಥೆ ಇನ್ನಷ್ಟು ತಡವಾಗುತ್ತಿತ್ತು.

ವಿಟಮಿನ್ ಇ ಪತ್ತೆಯಾದದ್ದು 1922ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಇಲಿಗಳ ಸಂತಾನದ ಬಗ್ಗೆ ಕೆಲಸ ಮಾಡುವಾಗ ಅದು ಸಿಕ್ಕಿತು. ಸ್ನಾಯುವಿನ ವಿಷಯ ಆಗ ಯಾರ ತಲೆಯಲ್ಲೂ ಇರಲಿಲ್ಲ. 1931ರಲ್ಲಿ ನ್ಯೂಯಾರ್ಕಿನ ಮರಿಯಾನ್ ಗೋಟ್ಷ್ ಮತ್ತು ಆಲ್ವಿನ್ ಪಾಪೆನ್‌ಹೈಮರ್ ಗಿನಿ ಪಿಗ್ ಮತ್ತು ಮೊಲಗಳಿಗೆ, ವಿಟಮಿನ್ ಇ ಹಾಳಾಗಲೆಂದು ಕಬ್ಬಿಣದ ಲವಣ ಬೆರೆಸಿದ ಮೇವು ಕೊಟ್ಟರು. ಪ್ರಾಣಿಗಳ ಸ್ನಾಯು ಕ್ಷಯಿಸಿತು. ನಿಜವಾದ ಕಾರಣ ವಿಟಮಿನ್ ಇ ಎಂಬುದು ಗಟ್ಟಿಯಾದದ್ದು ಆಮೇಲೆ, 1936ರಲ್ಲಿ ಗೋಧಿ ಮೊಳಕೆಯ ಎಣ್ಣೆಯಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿ ಟೋಕೋಫೆರಾಲ್ ಎಂದು ಹೆಸರಿಟ್ಟ ಮೇಲೆ. ಅದೇ ದಶಕದಲ್ಲಿ ಇನ್ನೊಂದು ವಿಚಿತ್ರ ಕಂಡಿತು: ಸೊಪ್ಪು ತಿನ್ನುವ ಪ್ರಾಣಿಗಳಿಗೆ ಕಾಡ್ ಮೀನಿನ ಎಣ್ಣೆ ಕೊಟ್ಟರೆ ಸ್ನಾಯುಗಳು ಕೆಡುತ್ತವೆ. ಮೀನೆಣ್ಣೆಯ ಕೊಬ್ಬು ಬೇಗ ಕೆಡುವ ಜಾತಿಯದು. ಅದನ್ನು ಕಾಯಲು ಇದ್ದಬದ್ದ ವಿಟಮಿನ್ ಇ ಖರ್ಚಾಗಿಬಿಡುತ್ತದೆ.

ಮೂರರ ಜೊತೆಗಾರಿಕೆ ಸ್ಪಷ್ಟವಾಗಿ ಕಂಡದ್ದು ತೀರ ಈಚೆಗೆ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿಟಮಿನ್ ಇ ಮತ್ತು ಸೆಲೆನಿಯಂ ಎರಡೂ ಇಲ್ಲದ ಮೇವು ತಿಂದ ಮರಿಗಳು ಒಂದು ತಿಂಗಳೊಳಗೆ ಸ್ನಾಯು ಕೆಟ್ಟು ಸತ್ತವು. 2003ರಲ್ಲಿ ಅವರೇ ಇ ಮತ್ತು ಸಿ ಎರಡನ್ನೂ ತಪ್ಪಿಸಿ ನೋಡಿದರು. ಇ ಮೊದಲೇ ಕಡಿಮೆಯಿದ್ದ ಪ್ರಾಣಿಗಳಿಗೆ ಸಿ ಕೂಡ ನಿಲ್ಲಿಸಿದಾಗ ಅವುಗಳಲ್ಲಿ ಹಲವು, ಕೆಲವೇ ದಿನಗಳಲ್ಲಿ ಪಾರ್ಶ್ವವಾಯು ಬಡಿದಂತಾಗಿ ಸತ್ತವು. "ನಿನ್ನೆವರೆಗೆ ಸರಿ ಇತ್ತು" ಎಂದು ಸಾಕಿದವರು ಹೇಳುವುದು ಸುಳ್ಳಲ್ಲ ಎಂದಾಯಿತು.

ತವುಡು, ಹಿಂಡಿ, ಬೈಹುಲ್ಲು

ನಮ್ಮ ಕಡೆಯ ನಿಜವಾದ ಸಮಸ್ಯೆ ಇಲ್ಲಿದೆ.

ಹಸಿ ಹುಲ್ಲಿನಲ್ಲಿ ವಿಟಮಿನ್ ಇ ಧಾರಾಳ. ಅದನ್ನು ಬಿಸಿಲಿಗೆ ಒಣಗಿಸಿ, ತಿಂಗಳುಗಟ್ಟಲೆ ಇಟ್ಟರೆ ಬಹುಪಾಲು ಹೋಗಿಬಿಡುತ್ತದೆ. ಬೈಹುಲ್ಲಿನಲ್ಲಂತೂ ಹೇಳಿಕೊಳ್ಳುವಷ್ಟು ಇರುವುದೇ ಇಲ್ಲ. ಅದು ಗೂಡಿನಲ್ಲಿ ಹಾಸಲು ಆಗಬಹುದು, ಊಟಕ್ಕೆ ಸಾಲದು.

ತವುಡಿನ ಕಥೆ ಬೇರೆ. ಆಗತಾನೇ ಮಿಲ್ಲಿನಿಂದ ಬಂದ ತವುಡಿನಲ್ಲಿ ವಿಟಮಿನ್ ಇ ಚೆನ್ನಾಗೇ ಇದೆ. ಆದರೆ ಎಣ್ಣೆಯೂ ಜಾಸ್ತಿ. ಅಕ್ಕಿ ಪಾಲಿಶ್ ಆದ ಕ್ಷಣದಿಂದ ತವುಡಿನೊಳಗಿನ ಒಂದು ಕಿಣ್ವ ಆ ಎಣ್ಣೆಯನ್ನು ಒಡೆಯಲು ಶುರುಮಾಡುತ್ತದೆ. ಕುಚ್ಚಿಲಕ್ಕಿಯ ತವುಡಾದರೆ ಭತ್ತ ಬೇಯಿಸುವಾಗಲೇ ಆ ಕಿಣ್ವ ಸತ್ತಿರುತ್ತದೆ, ಸ್ವಲ್ಪ ತಾಳುತ್ತದೆ. ಆದರೂ ಗಾಳಿ ತಾಗಿ ಎಣ್ಣೆ ಕೆಡುವುದು ತಪ್ಪುವುದಿಲ್ಲ. ಆಟಿಯ ಮಳೆಯಲ್ಲಿ, ಉಪ್ಪೇ ಕರಗುವ ಆ ಒದ್ದೆ ಗಾಳಿಯಲ್ಲಿ, ಬಾಯಿ ತೆರೆದ ಚೀಲದ ತವುಡು ಎಷ್ಟು ದಿನ ಉಳಿದೀತು? ಎಣ್ಣೆ ಕಮಟಿದ ತವುಡಿನಲ್ಲಿ ವಿಟಮಿನ್ ಇ ಆ ಎಣ್ಣೆಯ ಜೊತೆಗೇ ಸುಟ್ಟುಹೋಗಿರುತ್ತದೆ. ಸಾಲದ್ದಕ್ಕೆ, ತಿಂದ ಕಮಟು ಎಣ್ಣೆ ದೇಹದಲ್ಲಿರುವ ವಿಟಮಿನ್ ಇ ಅನ್ನೂ ಖರ್ಚು ಮಾಡಿಸುತ್ತದೆ.

ಪರೀಕ್ಷೆ ಸುಲಭ. ಡಬ್ಬದ ಮೇಲಿನ ತವುಡಲ್ಲ, ಒಳಗೆ ಕೈ ಹಾಕಿ ನಡುವಿನಿಂದ ಒಂದು ಚಿಟಿಕೆ ತೆಗೆಯಿರಿ. ಅಂಗೈಯಲ್ಲಿ ಹಾಕಿ ಹೆಬ್ಬೆರಳಿನಿಂದ ಉಜ್ಜಿ, ಬೆಚ್ಚಗಾದ ಮೇಲೆ ಮೂಸಿ. ಒಳ್ಳೆ ತವುಡು ಅಕ್ಕಿಯ ಸಿಹಿ ವಾಸನೆ ಕೊಡುತ್ತದೆ. ಹಳೆ ಎಣ್ಣೆಯ ಕಮಟು ಮೂಗಿಗೆ ಹೊಡೆದರೆ, ನಾಲಗೆಗೆ ತಾಗಿಸಿದಾಗ ಕಹಿ ಬಂದರೆ ಹೊರಗೆ ಹಾಕಿ. ಒಳ್ಳೆ ತವುಡನ್ನೂ ಗಿನಿ ಪಿಗ್‌ಗೆ ದಿನದ ಊಟ ಮಾಡಬೇಡಿ. ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ.

ತೆಂಗಿನ ಹಿಂಡಿ ನಮ್ಮಲ್ಲಿ ಎಲ್ಲ ಪ್ರಾಣಿಗೂ ಹೋಗುತ್ತದೆ. ಕೊಬ್ಬರಿ ಎಣ್ಣೆ ಬೇರೆ ಎಣ್ಣೆಗಳಷ್ಟು ಬೇಗ ಗಾಳಿಗೆ ಕೆಡುವುದಿಲ್ಲ, ಅದು ಒಳ್ಳೆಯದೇ. ಆದರೆ ವಿಟಮಿನ್ ಇ ಅದರಲ್ಲಿ ತೀರ ಕಡಿಮೆ. ಮಳೆಗಾಲದಲ್ಲಿ ಹಿಂಡಿಗೆ ಬೂಷ್ಟು ಹಿಡಿದರೆ ಅದರ ವಿಷ ಲಿವರಿಗೆ ಬೇರೆ ಹೊಡೆತ. ಬೇಡವೇ ಬೇಡ.

ಅಂಗಡಿಯ ಪೆಲೆಟ್ ಕೂಡ ಹಳೆಯದಾಗುತ್ತದೆ. ಬೆರೆಸಿದ ವಿಟಮಿನ್ ಸಿ ತಯಾರಾದ ದಿನದಿಂದ ಸುಮಾರು 90 ದಿನ ಮಾತ್ರ ಭರವಸೆಯದು. ಸೆಕೆ, ತೇವ ಇದ್ದರೆ ಅದಕ್ಕೂ ಮೊದಲೇ ಮುಗಿಯಬಹುದು. ಚೀಲದಿಂದ ಬಿಡಿಯಾಗಿ ತೂಗಿ ಕೊಡುವ ಪೆಲೆಟ್‌ನಲ್ಲಿ ತಯಾರಾದ ತಾರೀಕು ಯಾರಿಗೆ ಗೊತ್ತು? ಸೀಲ್ ಮಾಡಿದ ಸಣ್ಣ ಪ್ಯಾಕೆಟ್ ದುಬಾರಿಯಾದರೂ ಅದೇ ವಾಸಿ.

ಇನ್ನು ಮದ್ದಿನ ವಿಷಯ. ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ ಬಿಡುವ ಸಮಯದಲ್ಲಿ ಮರದಡಿಯ ಹುಲ್ಲನ್ನು ಕೊಯ್ದು ತರಬೇಡಿ. ಆ ಮದ್ದಿನಲ್ಲಿರುವ ಮೈಲುತುತ್ತು, ಅಂದರೆ ತಾಮ್ರದ ಲವಣ, ಹುಲ್ಲಿನ ಮೇಲೆ ಸುರಿದಿರುತ್ತದೆ. ತಾಮ್ರ ಜಾಸ್ತಿಯಾದರೆ ಅದೇ ವಿಷ, ಜೊತೆಗೆ ಕೊಬ್ಬು ಮತ್ತು ವಿಟಮಿನ್‌ಗಳು ಕೆಡುವ ವೇಗವನ್ನೂ ತಾಮ್ರ ಹೆಚ್ಚಿಸುತ್ತದೆ. ಮದ್ದು ಬಿಡದ ಗುಡ್ಡೆಯ ಗರಿಕೆ ಸಾಕು.

ಗುರುತಿಸುವುದು ಹೇಗೆ?

ಗಿನಿ ಪಿಗ್ ಬೇಟೆಗೆ ಸಿಗುವ ಪ್ರಾಣಿ. ನೋವನ್ನು ಮುಚ್ಚಿಡುವುದು ಅದರ ಸ್ವಭಾವ. ಕಾಲು ಎಳೆಯುವುದು ಕಂಡಾಗ ರೋಗ ಆಗಲೇ ಮುಂದೆ ಹೋಗಿರುತ್ತದೆ. ಅದಕ್ಕೆ ಮುಂಚಿನ ಸುಳಿವುಗಳು ಸಣ್ಣವು: ಮಧ್ಯಾಹ್ನ ಸೊಪ್ಪಿನ ಸದ್ದು ಕೇಳಿದರೂ ಓಡಿ ಬರದಿರುವುದು, ಖುಷಿಯಲ್ಲಿ ಜಿಗಿಯುವುದು ನಿಂತದ್ದು, ಗೂಡಿನ ಸಣ್ಣ ಮೆಟ್ಟಿಲು ಹತ್ತಲು ತಡೆಯುವುದು, ನಡಿಗೆಯಲ್ಲಿ ಬಿಗಿತ.

ಅಡುಗೆಮನೆಯ ತಕ್ಕಡಿ ಇದ್ದರೆ ವಾರಕ್ಕೊಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ದೊಡ್ಡ ಗಿನಿ ಪಿಗ್ ಸಾಮಾನ್ಯವಾಗಿ 700ರಿಂದ 1200 ಗ್ರಾಂ ಇರುತ್ತದೆ. ತೂಕ ಎರಡು ವಾರ ಸತತ ಇಳಿದರೆ ಕಾರಣ ಹುಡುಕಬೇಕು. ನಡಿಗೆ ನೋಡುವಾಗ ನುಣುಪಾದ ಟೈಲ್ಸ್ ಮೇಲೆ ಬಿಡಬೇಡಿ, ಅಲ್ಲಿ ಗಟ್ಟಿ ಪ್ರಾಣಿಯೂ ಜಾರುತ್ತದೆ. ಗೋಣಿ ಹಾಸಿ, ಒಂದು ಮೊಳ ದೂರದಲ್ಲಿ ಪೇರಳೆಯ ತುಂಡಿಡಿ. ಹಿಂಗಾಲಿನ ಪಾದ ಮಡಚಿ ಏಳುತ್ತದೋ, ಇಡೀ ಕಾಲು ನೆಟ್ಟಗೆ ಸರಿಯುತ್ತದೋ ಎಂದು ಬದಿಯಿಂದ ಕೂತು ನೋಡಿ.

ಸ್ನಾಯು ಜಾಸ್ತಿ ಒಡೆದಾಗ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಬಹುದು. ಆದರೆ ಗಿನಿ ಪಿಗ್‌ನ ಒಳ್ಳೆ ಮೂತ್ರವೂ ಗಾಳಿ ತಾಗಿ ಸ್ವಲ್ಪ ಹೊತ್ತಿನಲ್ಲಿ ಕೇಸರಿ ಕೆಂಪಾಗುತ್ತದೆ. ಹಾಗಾಗಿ ಹಳೆ ಕಲೆ ನೋಡಿ ಹೆದರಬೇಡಿ.

ಕಾಲು ಸೋಲಲು ಬೇರೆ ಕಾರಣಗಳೂ ಇವೆ. ಮಕ್ಕಳ ಕೈಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟು, ಕಂಬಿಯ ನೆಲದಿಂದ ಅಂಗಾಲಿನ ಹುಣ್ಣು, ಸ್ಕರ್ವಿ, ಕ್ಯಾಲ್ಸಿಯಂ ಕೊರತೆ, ಬೇಸಿಗೆಯ ಸೆಕೆಯ ಹೊಡೆತ. ಹಲ್ಲು ಉದ್ದವಾಗಿ ಬೆಳೆದು ತಿನ್ನಲಾಗದೆ ಸುಸ್ತಾಗಿ ಕೂತದ್ದೂ ಹೀಗೇ ಕಾಣುತ್ತದೆ. ಹೊರಗಿನಿಂದ ನೋಡಿ ಇದೇ ಎಂದು ಹೇಳುವುದು ಡಾಕ್ಟ್ರಿಗೂ ಕಷ್ಟ.

ಮೃಗಾಸ್ಪತ್ರೆಯಲ್ಲಿ

ಪಂಚಾಯತಿನ ಮೃಗಾಸ್ಪತ್ರೆಗೆ ಬರುವುದು ಹೆಚ್ಚಾಗಿ ದನ, ಆಡು, ನಾಯಿ. ಗಿನಿ ಪಿಗ್ ಅಪರೂಪ. ಆದ್ದರಿಂದ ನೀವು ತೆಗೆದುಕೊಂಡು ಹೋಗುವ ಮಾಹಿತಿ ತುಂಬ ಮುಖ್ಯ. ಮೇವಿನ ಪ್ಯಾಕೆಟ್, ತವುಡಿನ ಒಂದು ಹಿಡಿ, ತೂಕ ಬರೆದ ಚೀಟಿ, ಫೋನಿನಲ್ಲಿ ನಡಿಗೆಯ ವಿಡಿಯೋ, ಇಷ್ಟು ಇರಲಿ. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಏರಿದೆಯೇ ನೋಡಬಹುದು. ಸ್ನಾಯುವಿನ ಎಳೆ ಒಡೆದಾಗ ಅದು ರಕ್ತಕ್ಕೆ ಸೋರುತ್ತದೆ. ಎಕ್ಸ್‌ರೇ ಪೆಟ್ಟು ಇದೆಯೋ ಇಲ್ಲವೋ ಹೇಳುತ್ತದೆ.

ಚಿಕಿತ್ಸೆ ಅಂದರೆ ವಿಟಮಿನ್ ಇ, ವಿಟಮಿನ್ ಸಿ, ಅಗತ್ಯ ಬಿದ್ದರೆ ಅಳೆದು ಸೆಲೆನಿಯಂ, ತಿನ್ನದಿದ್ದರೆ ಸಿರಿಂಜಿನಿಂದ ಬಾಯಿಗೆ ಆಹಾರ. ಮನೆಯಲ್ಲೇ ಮಾಡಿ ನೋಡೋಣ ಎನ್ನುವವರಿಗೆ ಒಂದು ಲೆಕ್ಕ. ಒಂದು ಕಿಲೋ ಒಣ ಮೇವಿನಲ್ಲಿ ಸುಮಾರು 27 ಮಿಲಿಗ್ರಾಂ ವಿಟಮಿನ್ ಇ, 200 ಮಿಲಿಗ್ರಾಂ ವಿಟಮಿನ್ ಸಿ ಇರಬೇಕು ಎಂಬುದು ಗಿನಿ ಪಿಗ್‌ಗೆ ಒಪ್ಪಿತವಾದ ಅಳತೆ. ದಿನಕ್ಕೆ 60 ಗ್ರಾಂ ತಿಂದರೆ ಒಂದೂವರೆ ಮಿಲಿಗ್ರಾಂನಷ್ಟು ಇ. ಮೆಡಿಕಲ್ ಶಾಪಿನ ಮನುಷ್ಯರ ಕ್ಯಾಪ್ಸೂಲ್ 400ರದು. ಅದು ಇದಕ್ಕೆ ಎಂಟು ತಿಂಗಳ ಪಾಲು. ಸೆಲೆನಿಯಂ ಇನ್ನೂ ಅಪಾಯ, ಬೇಕಾದ್ದಕ್ಕೂ ವಿಷಕ್ಕೂ ನಡುವೆ ಅಂತರ ಕಡಿಮೆ. ದನಕ್ಕೆ ತಂದ ಇ–ಸೆಲೆನಿಯಂ ಇಂಜೆಕ್ಷನನ್ನು ಅಂದಾಜಿಗೆ ಚುಚ್ಚಿದರೆ ಪ್ರಾಣಿ ರೋಗದಿಂದಲ್ಲ, ಮದ್ದಿನಿಂದ ಸಾಯುತ್ತದೆ. ಮೀನೆಣ್ಣೆ ಕ್ಯಾಪ್ಸೂಲೂ ಬೇಡ. ಬೂತಾಯಿ ನಮಗೆ ಒಳ್ಳೆಯದು, ಗಿನಿ ಪಿಗ್‌ಗಲ್ಲ.

ಇದಕ್ಕೆ ನೇರ ಸಂಬಂಧವಿಲ್ಲದಿದ್ದರೂ ಹೇಳಲೇಬೇಕಾದ ಮಾತು: ಅಮಾಕ್ಸಿಸಿಲಿನ್, ಪೆನಿಸಿಲಿನ್ ಥರದ ಆಂಟಿಬಯೋಟಿಕ್ ಬಾಯಿಗೆ ಕೊಟ್ಟರೆ ಗಿನಿ ಪಿಗ್‌ನ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ನಾಶವಾಗಿ ಸಾಯಬಹುದು. ಮಕ್ಕಳಿಗೆ ತಂದ ಸಿರಪ್‌ನ ಉಳಿಕೆ ಹಾಕಬೇಡಿ.

ಹಾಗಾದರೆ ಏನು ಹಾಕುವುದು?

ಹೊಟ್ಟೆಯ ಮುಖ್ಯ ಪಾಲು ಹುಲ್ಲು. ಗರಿಕೆ, ನೇಪಿಯರಿನ ಎಳೆ ಎಲೆ, ಸಿಕ್ಕಿದರೆ ಹಸಿರು ಬಣ್ಣ ಉಳಿದ ಒಣ ಹುಲ್ಲು. ಅದರ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಜಗಿದರೇನೇ ಸವೆಯುವುದು. ಮಳೆಯಲ್ಲಿ ಕೊಯ್ದದ್ದನ್ನು ಕೊಡವಿ, ಫ್ಯಾನಿನ ಕೆಳಗೆ ಹರಡಿ, ನೀರಿನ ಪಸೆ ಆರಿದ ಮೇಲೆ ಕೊಡಿ. ಇಷ್ಟು ದಿನ ಒಣ ಮೇವು ತಿಂದದ್ದಕ್ಕೆ ಒಮ್ಮೆಲೇ ಬುಟ್ಟಿ ತುಂಬ ಹಸಿ ಹಾಕಿದರೆ ಬೇಧಿ ಗ್ಯಾರಂಟಿ. ಒಂದು ವಾರ ಸ್ವಲ್ಪ ಸ್ವಲ್ಪವೇ ಏರಿಸಿ.

ವಿಟಮಿನ್ ಸಿ ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ, ಗಬ್ಬದಲ್ಲಿ 30ರವರೆಗೆ. 100 ಗ್ರಾಂ ಪೇರಳೆಯಲ್ಲಿ 200 ಮಿಲಿಗ್ರಾಂ ಆಸುಪಾಸು ಇರುವುದರಿಂದ ಹೆಬ್ಬೆರಳ ಗಾತ್ರದ ಒಂದು ತುಂಡು ದಿನಕ್ಕೆ ಸಾಕಾಗುತ್ತದೆ. ನೆಲ್ಲಿಕಾಯಿಯಾದರೆ ಹುಳಿಗೆ ಮುಖ ತಿರುಗಿಸುವುದೇ ಜಾಸ್ತಿ, ತಿಂದರೆ ಚೂರು ಕೊಡಿ. ದೊಣ್ಣೆಮೆಣಸು, ಕೊತ್ತಂಬರಿ ಸೊಪ್ಪು ಆಗುತ್ತದೆ. ನುಗ್ಗೆ ಸೊಪ್ಪಿನಲ್ಲಿ ಇ, ಸಿ ಎರಡೂ ಇವೆ, ಆದರೆ ಕ್ಯಾಲ್ಸಿಯಂ ವಿಪರೀತ. ಮೂತ್ರಕೋಶದಲ್ಲಿ ಕಲ್ಲು ಆಗುವ ಪ್ರಾಣಿ ಇದು, ಹಾಗಾಗಿ ವಾರಕ್ಕೆ ಒಂದೆರಡು ಕಡ್ಡಿ ಸಾಕು. ಬಸಳೆ, ಹರಿವೆಯೂ ಅಷ್ಟೇ. ಈರುಳ್ಳಿ, ಬೆಣ್ಣೆಹಣ್ಣು ಬೇಡ. ವಿಟಮಿನ್ ಸಿ ಹನಿಯನ್ನು ಕುಡಿಯುವ ನೀರಿಗೆ ಬೆರೆಸುವುದೂ ದಂಡ, ಬೆಳಕಿಗೆ ಕೆಲವೇ ಗಂಟೆಗಳಲ್ಲಿ ಬಲ ಕಳೆಯುತ್ತದೆ.

ಬೇಗ ಹಿಡಿದರೆ ಕೆಲವು ದಿನಗಳಲ್ಲೇ ಪ್ರಾಣಿ ಚುರುಕಾಗುತ್ತದೆ. ಸತ್ತ ಎಳೆಗಳ ಜಾಗದಲ್ಲಿ ಹೊಸವು ಬೆಳೆಯಲು ವಾರಗಳು ಬೇಕು. ತಡವಾದರೆ ಅಲ್ಲಿ ಗಡಸು ಅಂಗಾಂಶ ತುಂಬಿ ಕಾಲು ಸ್ವಲ್ಪ ಬಿಗಿಯಾಗೇ ಉಳಿಯಬಹುದು. ಒಂದಕ್ಕೆ ಬಂದರೆ ಅದೇ ಡಬ್ಬದಿಂದ ತಿನ್ನುವ ಉಳಿದವನ್ನೂ ಅದೇ ದಿನ ನೋಡಿ, ಗಬ್ಬದ ಹೆಣ್ಣನ್ನು ಎಲ್ಲಕ್ಕಿಂತ ಮೊದಲು. ಮಿಕ್ಕಿದ ಕಮಟು ತವುಡನ್ನು ಬಿಸಾಡಲು ಮನಸ್ಸಾಗದೆ ಕೋಳಿಮರಿಗೆ ಹಾಕುವವರಿದ್ದಾರೆ. ಹಾಕಬೇಡಿ, ವಿಟಮಿನ್ ಇ ಕೊರತೆಯಾದರೆ ಕೋಳಿಮರಿಯ ಮೆದುಳೇ ಕೆಡುತ್ತದೆ. ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿಬಿಡಿ.